ನಕ್ಷತ್ರ ಕಟ್ಟಲು ಕೈ ಬಾರದ ಡಿಸೆಂಬರ್

ಪ್ರಶ್ನೆ: ಕಳೆದ ಆಗಸ್ಟ್‌ನಲ್ಲಿ ನನ್ನ ಯಜಮಾನರು ಹೃದಯಾಘಾತದಿಂದ ತೀರಿಕೊಂಡರು. ಮದುವೆಯಾದ ವರ್ಷದಿಂದ, ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ ಸಂಜೆ ಏಣಿ ಹತ್ತಿ ಜಗಲಿಗೆ ನಕ್ಷತ್ರ ಕಟ್ಟುತ್ತಿದ್ದವರು ಅವರೇ. ಈ ಸಲ ಅದು ಅಲಮಾರಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲೇ ಇದೆ. ಮಗನಿಗೆ ಅಕ್ಟೋಬರಿನಲ್ಲಿ ಕೊಲ್ಲಿ ದೇಶದ ಕೆಲಸವೂ ಹೋಯಿತು. 'ಯಾವಾಗಲೂ ಸಂತೋಷಿಸಿರಿ ಎಂದು ವಾಕ್ಯವೇ ಇದೆ, ಇಷ್ಟು ದುಃಖ ಇಟ್ಟುಕೊಳ್ಳುವುದು ನಂಬಿಕೆಯ ಕೊರತೆ' ಎಂದು ಮಹಿಳಾ ಸಂಘದ ಹಿರಿಯರೊಬ್ಬರು ಹೇಳಿದರು. ದೇವಾಲಯದಲ್ಲಿ ಎಲ್ಲರ ಜೊತೆ ನಿಲ್ಲುತ್ತೇನೆ, ಬಾಯಿ ತೆರೆಯುತ್ತೇನೆ, ಸ್ವರ ಬರುವುದಿಲ್ಲ. ಈ ಆಗಮನ ಕಾಲಕ್ಕೆ ನಾನು ಹೊರಗಿನವಳಾಗಿಬಿಟ್ಟೆ. ಹಾಡುವ ತಂಡ ಮನೆಗೆ ಬರುವ ರಾತ್ರಿ ಬಾಗಿಲು ಹಾಕಿಕೊಂಡರೆ ಪಾಪವೇ? ನನ್ನಂಥವರಿಗೆ ನಿರೀಕ್ಷೆ ಎಂದರೆ ಏನು? (ಮಲೆನಾಡಿನ ಓದುಗರೊಬ್ಬರು)

ಉತ್ತರ: ಚಿಕ್ಕ ಪ್ರಶ್ನೆಗೆ ಮೊದಲು ಉತ್ತರಿಸಿಬಿಡುತ್ತೇನೆ. ಬಾಗಿಲು ಹಾಕಿಕೊಂಡರೆ ಪಾಪವೇನೂ ಇಲ್ಲ. ಹಾಡುವವರ ವಿಷಯಕ್ಕೆ ಕೊನೆಯಲ್ಲಿ ಮತ್ತೆ ಬರುತ್ತೇನೆ. ಅದಕ್ಕಿಂತ ಮುಂಚೆ ನಿಮ್ಮ ಪತ್ರದ ಒಂದು ಮಾತನ್ನು ತಿದ್ದಬೇಕು. ಹೊರಗಿನವಳಾದೆ ಎಂದಿದ್ದೀರಿ. ಮೂವತ್ತಕ್ಕೂ ಹೆಚ್ಚು ಡಿಸೆಂಬರುಗಳನ್ನು ಸಭಾಪಾಲಕನಾಗಿ ಕಳೆದವನು ಹೇಳುತ್ತಿದ್ದೇನೆ: ನಿಮ್ಮ ಸಭೆಯಲ್ಲಿ ಆಗಮನ ಕಾಲದ ಒಳಗೆ ನಿಂತಿರುವ ಕೆಲವೇ ಮಂದಿಯಲ್ಲಿ ನೀವೊಬ್ಬರು. ಕೇಕಿಗೆ ದ್ರಾಕ್ಷಿ ನೆನೆಹಾಕುತ್ತ, ದರ್ಜಿಯ ಅಂಗಡಿಗೆ ಓಡಾಡುತ್ತ ಇರುವ ಉಳಿದ ನಾವೆಲ್ಲ ಆಗಲೇ 25ನೇ ತಾರೀಖಿಗೆ ಹೋಗಿ ಕುಳಿತುಬಿಟ್ಟಿದ್ದೇವೆ.

ಆಗಮನ ಕಾಲವೆಂದರೆ ಪುಟ್ಟ ಕ್ರಿಸ್‌ಮಸ್ ಅಲ್ಲ. ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬರುವ ಭಾನುವಾರದಿಂದ ಶುರುವಾಗುವ ಈ ನಾಲ್ಕು ವಾರಗಳ ಪಾಠಗಳನ್ನು, ಅಂದರೆ ದೇವಾಲಯದಲ್ಲಿ ಓದುವ ಬೈಬಲ್ ಭಾಗಗಳನ್ನು, ಒಮ್ಮೆ ಓದಿ ನೋಡಿ. ಮೊದಲ ಭಾನುವಾರ ಗೋದಲಿಯೂ ಇಲ್ಲ, ದೇವದೂತರೂ ಇಲ್ಲ. ಸೂರ್ಯ ಕಪ್ಪಾಗುವ, ಸಮುದ್ರ ಮೊರೆಯುವ, ಜನ ದಿಕ್ಕೆಟ್ಟು ನಿಲ್ಲುವ ಮಾತುಗಳು, 'ಎಚ್ಚರವಾಗಿರಿ' ಎಂಬ ಆಜ್ಞೆ. ಎರಡನೆಯ, ಮೂರನೆಯ ಭಾನುವಾರಗಳಲ್ಲಿ ಒಂಟೆಯ ಕೂದಲಿನ ಉಡುಪಿನ ಯೋಹಾನ. ಮರಿಯಳ ಮನೆಯ ಹತ್ತಿರ ನಾವು ಬರುವುದು ನಾಲ್ಕನೆಯ ವಾರದಲ್ಲಿ. ಅನೇಕ ಸಭೆಗಳಲ್ಲಿ ವೇದಿಕೆಯ ಬಟ್ಟೆ ನೇರಳೆ ಬಣ್ಣದ್ದು, ಈಸ್ಟರ್‌ಗೆ ಮುಂಚಿನ ಶ್ರಮೆಯ ಕಾಲದಲ್ಲಿ ಹಾಕುವ ಬಣ್ಣವೇ. ಐದನೆಯ ಶತಮಾನದ ಗಾಲ್ ದೇಶದಲ್ಲಿ, ಅಂದರೆ ಇಂದಿನ ಫ್ರಾನ್ಸಿನ ಕಡೆ, ನವೆಂಬರ್ 11ರ ಸಂತ ಮಾರ್ಟಿನರ ಹಬ್ಬದಿಂದ ಕ್ರಿಸ್‌ಮಸ್‌ವರೆಗೆ ವಾರಕ್ಕೆ ಮೂರು ದಿನ ಉಪವಾಸವಿತ್ತು. ಅಷ್ಟು ದೂರ ಯಾಕೆ, ನಮ್ಮ ಬ್ರಹ್ಮಾವರದ ಕಡೆಯ ಆರ್ಥಡಾಕ್ಸ್ ಸಭೆಯವರ ಸಂಪ್ರದಾಯದಲ್ಲಿ ಡಿಸೆಂಬರ್ 1ರಿಂದ 25 ದಿನ ನೋಂಪಿ ಇದೆ. ಈ ಭಾನುವಾರಗಳಲ್ಲಿ ಒಂದೊಂದಾಗಿ ಹಚ್ಚುವ ನಾಲ್ಕು ಮೇಣದಬತ್ತಿಗಳಿಗೆ ನಿರೀಕ್ಷೆ, ಸಮಾಧಾನ, ಸಂತೋಷ, ಪ್ರೀತಿ ಎಂದು ಹೆಸರಿಟ್ಟಿದ್ದು ಇತ್ತೀಚೆಗೆ. ಹಿಂದಿನ ಬೋಧಕರು ಈ ದಿನಗಳಲ್ಲಿ ಎತ್ತಿಕೊಳ್ಳುತ್ತಿದ್ದ ವಿಷಯಗಳು ಮರಣ, ನ್ಯಾಯತೀರ್ಪು, ಸ್ವರ್ಗ, ನರಕ. ನಾನು ಅದನ್ನು ಮರಳಿ ತರಬೇಕೆನ್ನುವವನಲ್ಲ. ಆದರೆ ಸಾವನ್ನು ಮನೆಯೊಳಗೆ ಕಂಡವರು ಈ ಕಾಲಕ್ಕೆ ಪರಕೀಯರಾಗಿರಲಿಲ್ಲ ಎಂಬುದನ್ನು ಗಮನಿಸಿ.

ಆ ಮೇಣದಬತ್ತಿಗಳ ಕಥೆಯೂ ಹೀಗೆಯೇ. ಬಾಸೆಲ್ ಮಿಷನಿನ ಮೊದಲ ಮೂವರು ಮಿಷನರಿಗಳು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಅದರ ಹಿಂದಿನ ವರ್ಷ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಯೋಹಾನ್ ಹಿನ್ರಿಕ್ ವಿಖೆರ್ನ್ ಎಂಬವರು ಬಡತನದಲ್ಲಿ ಬೆಂದ, ಬೀದಿಪಾಲಾದ ಮಕ್ಕಳಿಗೊಂದು ಆಶ್ರಯ ತೆರೆದರು. ಕ್ರಿಸ್‌ಮಸ್ ಯಾವಾಗ, ಯಾವಾಗ ಎಂದು ಮಕ್ಕಳು ದಿನವೂ ಪೀಡಿಸುತ್ತಿದ್ದರಂತೆ. 1839ರಲ್ಲಿ ಅವರು ಹಳೆಯ ಗಾಡಿಯ ಚಕ್ರವೊಂದಕ್ಕೆ 20 ಚಿಕ್ಕ ಕೆಂಪು ಬತ್ತಿಗಳನ್ನೂ 4 ದೊಡ್ಡ ಬಿಳಿ ಬತ್ತಿಗಳನ್ನೂ ಸಿಕ್ಕಿಸಿ ತೂಗುಹಾಕಿದರು. ದಿನಕ್ಕೊಂದು ಚಿಕ್ಕದು, ಭಾನುವಾರಕ್ಕೊಂದು ದೊಡ್ಡದು. ಇಂದಿನ ಆಗಮನ ಚಕ್ರ ಹುಟ್ಟಿದ್ದು ಆ ಮನೆಯಲ್ಲಿ, ಇನ್ನೂ ಎಷ್ಟು ದಿನ ಎಂದು ಎಣಿಸುತ್ತಿದ್ದ ಮಕ್ಕಳಿಗಾಗಿ.

ಈಗ ನಿಮಗೆ ಚುಚ್ಚಿದ ಆ ವಾಕ್ಯಕ್ಕೆ ಬರೋಣ. 'ಯಾವಾಗಲೂ ಕರ್ತನಲ್ಲಿ ಸಂತೋಷಿಸಿರಿ.' ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದ ಈ ಮಾತು ಮೂರನೆಯ ಭಾನುವಾರಕ್ಕೆ ಸೇರಿದ್ದು. ಪಾಶ್ಚಾತ್ಯ ಸಭೆ ಆ ದಿನಕ್ಕೆ 'ಸಂತೋಷಿಸಿರಿ' ಎಂಬ ಅರ್ಥದ ಲ್ಯಾಟಿನ್ ಹೆಸರನ್ನೇ ಇಟ್ಟಿದೆ, ನೇರಳೆಯ ಬದಲು ಗುಲಾಬಿ ಬಣ್ಣ ಹಾಕುತ್ತದೆ. ಸರಿ, ಅದೇ ದಿನದ ಸುವಾರ್ತೆ ಯಾವುದು? ಹಳೆಯ ಆಂಗ್ಲಿಕನ್, ಲೂಥರನ್ ಪಾಠಕ್ರಮಗಳಲ್ಲಿ ಪ್ರತಿ ವರ್ಷವೂ, ಇಂದಿನ ಮೂರು ವರ್ಷದ ಪಾಠಕ್ರಮದಲ್ಲಿ ಮತ್ತಾಯನ ಸರದಿ ಬಂದಾಗಲೂ, ಆ ದಿನ ಓದುವುದು ಮತ್ತಾಯ 11ನೇ ಅಧ್ಯಾಯ. ಯೋಹಾನ ಸೆರೆಮನೆಯಲ್ಲಿದ್ದಾನೆ. ಅಲ್ಲಿಂದ ಶಿಷ್ಯರ ಕೈಯಲ್ಲಿ ಒಂದು ಪ್ರಶ್ನೆ ಕಳಿಸುತ್ತಾನೆ: ಬರಬೇಕಾದವನು ನೀನೋ, ಇಲ್ಲವೇ ನಾವು ಬೇರೊಬ್ಬನ ದಾರಿ ನೋಡಬೇಕೋ?

ಈ ಪ್ರಶ್ನೆಯನ್ನು ಕೇಳಿದವನು ಯಾರೆಂದು ನೋಡಿ. ಯೊರ್ದನಿನಲ್ಲಿ ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದವನು, 'ಇಗೋ, ದೇವರ ಕುರಿಮರಿ' ಎಂದು ಬೆರಳು ತೋರಿಸಿದವನು. ಇತಿಹಾಸಕಾರ ಜೋಸೆಫಸ್ ಹೇಳುವ ಪ್ರಕಾರ ಅವನನ್ನು ಇಟ್ಟಿದ್ದು ಮೃತ ಸಮುದ್ರದ ಪೂರ್ವಕ್ಕಿರುವ ಮಖೈರಸ್ ಕೋಟೆಯಲ್ಲಿ. ಅರಣ್ಯದ ಬಯಲಲ್ಲಿ ಗಂಟಲು ಬಿಚ್ಚಿ ಕೂಗಿದವನಿಗೆ ಈಗ ನಾಲ್ಕು ಗೋಡೆ. ಕೊಡಲಿಯು ಮರದ ಬುಡಕ್ಕೆ ಬಿದ್ದಿದೆ ಎಂದು ಸಾರಿದ್ದ, ಆದರೆ ಅವನನ್ನು ಸೆರೆಗೆ ಹಾಕಿದ ಅರಸ ಹೆರೋದನ ಬುಡ ಅಲ್ಲಾಡಿಲ್ಲ. ಅವನಿಗೂ ಸ್ವರ ಬರಲಿಲ್ಲ ಎನ್ನೋಣ. ಬಂದದ್ದು ಪ್ರಶ್ನೆ.

ಯೇಸು ಅವನನ್ನು ಗದರಿಸಲಿಲ್ಲ. ನಿನ್ನ ನಂಬಿಕೆ ಎಲ್ಲಿ ಹೋಯಿತು ಎನ್ನಲಿಲ್ಲ. ಕಂಡದ್ದನ್ನೂ ಕೇಳಿದ್ದನ್ನೂ ಹೋಗಿ ಹೇಳಿರಿ ಎಂದ: ಕುರುಡರು ಕಾಣುತ್ತಾರೆ, ಕುಂಟರು ನಡೆಯುತ್ತಾರೆ, ಕುಷ್ಠರೋಗಿಗಳು ಶುದ್ಧರಾಗುತ್ತಾರೆ, ಕಿವುಡರು ಕೇಳುತ್ತಾರೆ, ಸತ್ತವರು ಏಳುತ್ತಾರೆ, ಬಡವರಿಗೆ ಸುವಾರ್ತೆ ಸಾರಲಾಗುತ್ತದೆ. ಈ ಮಾತುಗಳಲ್ಲಿ ಬಹುಪಾಲು ಯೆಶಾಯನ 35 ಮತ್ತು 61ನೇ ಅಧ್ಯಾಯಗಳ ಪ್ರತಿಧ್ವನಿ, ಯೋಹಾನನಿಗೆ ಬಾಯಿಪಾಠವಾಗಿದ್ದಿರಬಹುದಾದ ಮಾತು. 61ನೇ ಅಧ್ಯಾಯದ ಮೊದಲ ವಚನದಲ್ಲಿ ಇನ್ನೊಂದು ಮಾತಿದೆ, ಸೆರೆಯವರಿಗೆ ಬಿಡುಗಡೆ ಎಂದು. ನಜರೇತಿನ ಸಭಾಮಂದಿರದಲ್ಲಿ ಯೇಸುವೇ ಅದನ್ನು ಗಟ್ಟಿಯಾಗಿ ಓದಿದ್ದನ್ನು ಲೂಕನು ಬರೆದಿದ್ದಾನೆ. ಸೆರೆಮನೆಗೆ ಕಳಿಸಿದ ಉತ್ತರದಲ್ಲಿ ಮಾತ್ರ ಆ ಸಾಲು ಇಲ್ಲ. ಯೋಹಾನ ಅದಕ್ಕಾಗಿಯೇ ಕಿವಿಗೊಟ್ಟಿರಬೇಕು ಎಂದು ನನಗೆ ಪ್ರತಿಸಲವೂ ಅನ್ನಿಸುತ್ತದೆ. ಬಾಗಿಲು ತೆರೆಯಲಿಲ್ಲ. ಮೂರು ಅಧ್ಯಾಯ ಕಳೆಯುವಷ್ಟರಲ್ಲಿ ಅವನ ತಲೆ ಹೋಯಿತು.

ಇದನ್ನು ನಾನು ನಿಮಗೆ ಮುಚ್ಚಿಡಬಾರದು. 'ದೇವರು ಎಲ್ಲ ಸರಿಮಾಡುತ್ತಾನೆ, ಮಗನಿಗೆ ಜನವರಿಯಲ್ಲಿ ಇನ್ನೂ ಒಳ್ಳೆಯ ಕೆಲಸ ಸಿಗುತ್ತದೆ' ಎಂದು ಬರೆದುಕೊಡುವುದು ಸುಲಭ. ಸಿಗಲಿ ಎಂದು ನಾನೂ ಪ್ರಾರ್ಥಿಸುತ್ತೇನೆ. ಆದರೆ ಆಗಮನ ಕಾಲದ ನಿರೀಕ್ಷೆ ಆ ಭರವಸೆ ಪತ್ರವಲ್ಲ. ಯೋಹಾನನಿಗೆ ಸಿಕ್ಕಿದ್ದು ಬೇರೆ: ನೀನು ದಾರಿ ಸಿದ್ಧಮಾಡಿದ ಕೆಲಸ ನಿಂತಿಲ್ಲ, ನಿನ್ನ ಗೋಡೆಯ ಆಚೆ ಅದು ನಡೆಯುತ್ತಿದೆ ಎಂಬ ಸುದ್ದಿ. ಇನ್ನೊಂದು ವಿಷಯ ಅವನ ಕಿವಿಗೆ ಬಿತ್ತೋ ಇಲ್ಲವೋ. ಶಿಷ್ಯರು ಅತ್ತ ಹೊರಟ ಮೇಲೆ ಯೇಸು ಇತ್ತ ಜನರ ಗುಂಪಿಗೆ, ಸ್ತ್ರೀಯರಲ್ಲಿ ಹುಟ್ಟಿದವರೊಳಗೆ ಯೋಹಾನನಿಗಿಂತ ದೊಡ್ಡವನು ಎದ್ದಿಲ್ಲ ಎಂದ. ಅದನ್ನು ಹೇಳಿದ್ದು ಯೋಹಾನ ಯೊರ್ದನಿನಲ್ಲಿ ಗುಡುಗಿದ ದಿನವಲ್ಲ, ಅನುಮಾನದ ಪ್ರಶ್ನೆ ಕಳಿಸಿದ ದಿನ.

ಇನ್ನು 'ಸಂತೋಷಿಸಿರಿ' ಎಂದ ಪೌಲ. ಅವನೂ ಆ ಪತ್ರವನ್ನು ಬರೆಸಿದ್ದು ಬೇಡಿಗಳಲ್ಲಿದ್ದಾಗ, ಮೊದಲ ಅಧ್ಯಾಯದಲ್ಲೇ ಹೇಳಿಕೊಳ್ಳುತ್ತಾನೆ. ಅಂದರೆ ಮೂರನೆಯ ಭಾನುವಾರದ ಎರಡು ಧ್ವನಿಗಳೂ ಸೆರೆಮನೆಯವು, ಒಂದು ಸಂತೋಷದ್ದು, ಒಂದು ಸಂದೇಹದ್ದು. ಹಿಂದಿನವರು ಎರಡನ್ನೂ ಒಂದೇ ದಿನಕ್ಕೆ ಹಾಕಿಟ್ಟಿದ್ದಾರೆ. ಅದರಲ್ಲಿ ಒಂದನ್ನು ಕಿತ್ತುಕೊಂಡು ವಿಧವೆಯೊಬ್ಬಳ ಮೇಲೆ ಬೀಸುವ ಅಧಿಕಾರ ಯಾರಿಗೂ ಇಲ್ಲ. ದುಃಖದ ಬಗ್ಗೆ ಪೌಲನು ನಿಜವಾಗಿ ಹೇಳಿದ್ದು ಥೆಸಲೊನೀಕದವರಿಗೆ: ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಎಂದು. ದುಃಖಿಸಲೇಬೇಡಿ ಎಂದಲ್ಲ. ಸತ್ತ ಸ್ನೇಹಿತ ಲಾಜರನನ್ನು ಎಬ್ಬಿಸಲೆಂದೇ ಹೊರಟು ಬಂದಿದ್ದ ಯೇಸು ಕೂಡ ಅವನ ಸಮಾಧಿಯ ದಾರಿಯಲ್ಲಿ ಅತ್ತ.

ನಮ್ಮ ಭಾಷೆ ಇಲ್ಲಿ ಒಂದು ಉಪಕಾರ ಮಾಡಿದೆ. ಹಳೆಯ ಕನ್ನಡ ಬೈಬಲ್ ನಂಬಿಕೆ, ಪ್ರೀತಿಗಳ ನಡುವೆ ಇಟ್ಟ ಪದ ಆಸೆಯಲ್ಲ, ಆಶಾವಾದವಲ್ಲ, ನಿರೀಕ್ಷೆ. ಅದರೊಳಗೆ 'ಈಕ್ಷಣ' ಇದೆ, ಕಣ್ಣಿದೆ. ಬಸ್ ತಡವಾದ ರಾತ್ರಿ ಜಗಲಿಯಲ್ಲಿ ಕುಳಿತು ತಿರುವಿನ ಕಡೆ ನೋಡುತ್ತೇವಲ್ಲ, ಅದು ನಿರೀಕ್ಷೆ. ಅನ್ನ ಆರಿರುತ್ತದೆ, ಸಿಟ್ಟು ಬಂದಿರುತ್ತದೆ, ಹೆದರಿಕೆಯೂ ಇರುತ್ತದೆ. ಆದರೂ ಚಿಲಕ ಹಾಕಿರುವುದಿಲ್ಲ. ಮನಸ್ಸು ಹಗುರವಾಗಿದೆಯೋ ಭಾರವಾಗಿದೆಯೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಹೀಬ್ರೂವಿನಲ್ಲಿ ನಿರೀಕ್ಷೆಗೆ 'ತಿಕ್ವಾ' ಎನ್ನುತ್ತಾರೆ. ಯೆರಿಕೋ ಪಟ್ಟಣ ಬೀಳುವಾಗ ತನ್ನ ಮನೆಯವರು ಉಳಿಯಲೆಂದು ಅಲ್ಲಿನ ರಾಹಾಬಳು ಕಿಟಕಿಗೆ ಕಟ್ಟಿದ ಕೆಂಪು ನೂಲಿಗೂ ಯೆಹೋಶುವನ ಪುಸ್ತಕ ಬಳಸುವುದು ಅದೇ ಪದ. ಹೊರಗೆ ಗೋಡೆ ಬೀಳುವ ಊರಿನಲ್ಲಿ ಒಂದು ಹುರಿ. 'ಯಾವಾಗಲೂ' ಎಂಬ ಆ ವಾಕ್ಯ ನಿಮ್ಮ ಕೈಯಿಂದ ಜಾರಿದ್ದರೆ ಜಾರಲಿ, ನೀವು ಈ ಪತ್ರ ಬರೆದಿರಿ. ಚಿಲಕ ಹಾಕಿದವರು ಪತ್ರ ಬರೆಯುವುದಿಲ್ಲ.

ಜರ್ಮನಿಯ ಪಾದ್ರಿ ಡೀಟ್ರಿಖ್ ಬೊನ್‌ಹಾಫರ್ ಅವರನ್ನು ಹಿಟ್ಲರನ ಪೊಲೀಸರು 1943ರ ಏಪ್ರಿಲ್‌ನಲ್ಲಿ ಹಿಡಿದು ಬರ್ಲಿನ್‌ನ ಟೇಗಲ್ ಸೆರೆಮನೆಗೆ ಹಾಕಿದರು. ಆ ನವೆಂಬರಿನಲ್ಲಿ ನಗರದ ಮೇಲೆ ಬಾಂಬುಗಳು ಬೀಳುತ್ತಿದ್ದವು. ಸ್ನೇಹಿತನಿಗೆ ಬರೆದ ಕಾಗದದಲ್ಲಿ ಅವರು ಸೆರೆಮನೆಯ ಕೋಣೆಯನ್ನು ಆಗಮನ ಕಾಲಕ್ಕೆ ಹೋಲಿಸುತ್ತಾರೆ: ಕಾಯುತ್ತೇವೆ, ಅದೂ ಇದೂ ಮಾಡುತ್ತಿರುತ್ತೇವೆ, ಬಾಗಿಲು ಮಾತ್ರ ಹೊರಗಿನಿಂದಲೇ ತೆರೆಯಬೇಕು. ನನಗೆ ಇದರಲ್ಲಿ ಇಷ್ಟವಾಗುವುದು ಆ 'ಅದೂ ಇದೂ'. ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ, ದೊಡ್ಡ ಸಾಧನೆಯೂ ಅಲ್ಲ. ಹಾಸಿಗೆ ಮಡಿಸುವುದು, ಹಾಲು ಕಾಯಿಸುವುದು, ಯಜಮಾನರ ಹೆಸರಿನ ಪಾಸ್‌ಬುಕ್ಕಿಗೆ ಬ್ಯಾಂಕಿನಲ್ಲಿ ಸಹಿ ಮಾಡಿ ಬರುವುದು. ಬೊನ್‌ಹಾಫರ್ ಅವರಿಗೂ ಬಾಗಿಲು ತೆರೆಯಲಿಲ್ಲ. 1945ರ ಏಪ್ರಿಲ್ 9ರಂದು ಫ್ಲಾಸನ್‌ಬ್ಯುರ್ಗ್‌ನಲ್ಲಿ ಗಲ್ಲಿಗೇರಿಸಿದರು. ಆ ಕಾಗದಗಳು ಹೊರಗೆ ಬಂದವು.

ನನ್ನದೊಂದು ತಪ್ಪನ್ನೂ ಹೇಳಿಕೊಳ್ಳಬೇಕು, ಯಾಕೆಂದರೆ ಮಹಿಳಾ ಸಂಘದವರನ್ನು ಬೈದು ನಾನು ಒಳ್ಳೆಯವನಾಗಲಾರೆ. ದೀಕ್ಷೆಯಾದ ಎರಡನೆಯ ವರ್ಷ, ಡಿಸೆಂಬರಿನಲ್ಲೇ, ಕಾಫಿ ತೋಟದ ಲೈನ್ ಮನೆಯೊಂದರಲ್ಲಿ ಆರು ವರ್ಷದ ಹುಡುಗಿ ಜ್ವರದಿಂದ ತೀರಿಕೊಂಡಳು. ಸಮಾಧಿಯ ಬಳಿ ನಾನು, ದೇವರ ತೋಟಕ್ಕೆ ಒಂದು ಹೂವು ಬೇಕಾಗಿತ್ತು ಎಂದೆ. ಅವಳ ಅಪ್ಪ ತಲೆ ಎತ್ತಿ, 'ಅಯ್ಯನವರೇ, ದೇವರ ತೋಟದಲ್ಲಿ ಹೂವಿಗೆ ಬರವೇ?' ಎಂದು ಕೇಳಿದ. ಉತ್ತರ ಇರಲಿಲ್ಲ. ಈಗಲೂ ಇಲ್ಲ. ಮತ್ತಾಯನಿಗೆ ನನಗಿಂತ ಬುದ್ಧಿಯಿತ್ತು. ಬೇತ್ಲೆಹೇಮಿನ ಕೂಸುಗಳ ಕೊಲೆಯನ್ನು ಬರೆದ ಜಾಗದಲ್ಲಿ ಅವನು ಯಾವ ಸಮಜಾಯಿಷಿಯನ್ನೂ ಕೊಡುವುದಿಲ್ಲ. ಯೆರೆಮೀಯನಿಂದ ಒಂದು ಸಾಲು ತಂದು ಇಡುತ್ತಾನೆ: ರಾಹೇಲಳು ತನ್ನ ಮಕ್ಕಳಿಗಾಗಿ ಅಳುತ್ತಾಳೆ, ಸಮಾಧಾನ ಹೊಂದಲು ಒಲ್ಲಳು. ಕ್ರಿಸ್‌ಮಸ್ ಕಥೆಯೊಳಗೇ ಒಬ್ಬ ತಾಯಿ ಸಮಾಧಾನವನ್ನು ಬೇಡವೆನ್ನುತ್ತಾಳೆ, ಸುವಾರ್ತೆ ಅವಳ ಬಾಯಿ ಮುಚ್ಚಿಸುವುದಿಲ್ಲ. ಅದೇ ಕಥೆಯಲ್ಲಿ ಲೂಕನು ಇನ್ನೊಬ್ಬಳನ್ನು ನಿಲ್ಲಿಸಿದ್ದಾನೆ, ಮದುವೆಯಾಗಿ ಏಳೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡ ಅನ್ನಳನ್ನು. ಮುದುಕಿಯಾಗುವವರೆಗೂ ಅವಳು ದೇವಾಲಯದ ಅಂಗಳ ಬಿಡಲಿಲ್ಲ. ಕೂಸನ್ನು ಮೊದಲು ಗುರುತಿಸಿದ ಬೆರಳೆಣಿಕೆಯ ಜನರಲ್ಲಿ ಅವಳೂ ಒಬ್ಬಳು.

ಇಷ್ಟೆಲ್ಲ ಓದಿ, ನಾಳೆ ಬೆಳಗ್ಗೆ ಏನು ಮಾಡಲಿ ಎನ್ನುತ್ತೀರಿ.

ಹಾಡಬೇಡಿ. ನಿಂತುಕೊಳ್ಳಿ, ಅಥವಾ ಕುಳಿತಿರಿ. ನಾಲ್ವರು ಹೊತ್ತು ತಂದ ಪಾರ್ಶ್ವವಾಯು ರೋಗಿಯ ಕಥೆಯಲ್ಲಿ, ಯೇಸು 'ಅವರ' ನಂಬಿಕೆಯನ್ನು ನೋಡಿದ ಎಂದು ಮಾರ್ಕನು ಬರೆಯುತ್ತಾನೆ. ಈ ತಿಂಗಳು ಪಕ್ಕದ ಬೆಂಚಿನವರು ನಿಮ್ಮ ಪಾಲಿನದನ್ನೂ ಹಾಡಲಿ. ಮನೆಯಲ್ಲಿ ಓದಬೇಕೆನಿಸಿದರೆ ಕೀರ್ತನೆ 13, ಆಮೇಲೆ 130. ಬೆಳಗನ್ನು ಎದುರುನೋಡುವ ಕಾವಲುಗಾರರು ಬರುವುದು ಅದರಲ್ಲಿಯೇ. ತೀರಾ ಕೆಟ್ಟ ರಾತ್ರಿಗಳಿಗೆ 88ನೇ ಕೀರ್ತನೆ ಇದೆ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಒಂದೂ ಸ್ತುತಿಯ ಸಾಲಿಲ್ಲ, ಆದರೂ ಪ್ರಾರ್ಥನೆ ಎಂದೇ ಅದನ್ನು ಬೈಬಲಿನಲ್ಲಿ ಇಟ್ಟುಕೊಂಡಿದ್ದಾರೆ. ಓದಲೂ ಆಗದಿದ್ದರೆ ಒಂದೇ ಮಾತು ಸಾಕು, 'ಮಾರನಾಥಾ'. ನಮ್ಮ ಕರ್ತನೇ ಬಾ ಎಂದರ್ಥ, ಮೊದಲ ಕ್ರೈಸ್ತರ ಅರಾಮಿಕ್ ನುಡಿ.

ಮಗನ ವಿಷಯದಲ್ಲಿ ಪ್ರಾರ್ಥನೆಯ ಜೊತೆಗೆ ಕಾಗದಪತ್ರವೂ ನಡೆಯಲಿ. ಸಂಬಳವೋ ಸೇವಾ ಮೊತ್ತವೋ ಬಾಕಿಯಿದ್ದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಗೂ, ವಿದೇಶಾಂಗ ಸಚಿವಾಲಯದ 'ಮದದ್' ಜಾಲತಾಣದಲ್ಲೂ ದೂರು ಕೊಡಬಹುದು. ಮಹಿಳಾ ಸಂಘದವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ನಾವೇನು ಮಾಡಬೇಕು ಎಂದು ಜನ ಯೋಹಾನನನ್ನು ಕೇಳಿದಾಗ, ಎರಡು ಅಂಗಿಯಿದ್ದವನು ಇಲ್ಲದವನಿಗೆ ಒಂದು ಕೊಡಲಿ ಎಂದ. ಸಂಬಳ ನಿಂತ ಮನೆಗೆ ವಾಕ್ಯಕ್ಕಿಂತ ಮೊದಲು ಅಕ್ಕಿ ಹೋಗಬೇಕು. ನಮ್ಮ ಕರಾವಳಿಯ ಕಥೋಲಿಕರಲ್ಲಿ ಸಾವಾದ ಮನೆಯಲ್ಲಿ ಆ ವರ್ಷ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳನ್ನು, ಮಾಡುವುದಿಲ್ಲ, ನೆರೆಹೊರೆಯವರೇ ತಂದುಕೊಡುತ್ತಾರೆ. ಒಲೆ ಹಚ್ಚದ ಮನೆಗೆ ಮುಚ್ಚಿದ ತಟ್ಟೆಯಲ್ಲಿ ನಾಲ್ಕು ನೆವ್ರಿ, ಒಂದು ಹಿಡಿ ಕಿಡಿಯೊ. ಯಾರೂ ಉಪದೇಶ ಮಾಡುವುದಿಲ್ಲ.

ಒಂದು ಎಚ್ಚರಿಕೆಯ ಮಾತು. ನಿದ್ದೆಯೂ ಊಟವೂ ವಾರಗಟ್ಟಲೆ ಹತ್ತದಿದ್ದರೆ, ಬದುಕು ಸಾಕೆಂಬ ಯೋಚನೆ ಮತ್ತೆ ಮತ್ತೆ ಬಂದರೆ, ಅದನ್ನು ಆತ್ಮಿಕ ಬಲಹೀನತೆ ಎಂದು ಹೆಸರಿಟ್ಟು ಒಳಗಿಟ್ಟುಕೊಳ್ಳಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ. ವೈದ್ಯರ ಬಳಿ ಹೋಗುವುದು ಪ್ರಾರ್ಥನೆಗೆ ದ್ರೋಹವಲ್ಲ. ಈ ಸುವಾರ್ತೆಗಳಲ್ಲೊಂದನ್ನು ಬರೆದ ಲೂಕನೇ ವೈದ್ಯನೆಂದು ಸಭೆ ನೆನೆಯುತ್ತದೆ.

ಇನ್ನು ಹಾಡುವ ತಂಡ. ನಾಯಕರಿಗೆ ಮೊದಲೇ ಒಂದು ಫೋನ್ ಮಾಡಿ. ಈ ವರ್ಷ ಬರುವುದು ಬೇಡ ಎನ್ನಬಹುದು, ಅವರು ಅರ್ಥಮಾಡಿಕೊಳ್ಳುತ್ತಾರೆ. ಇಲ್ಲವೇ ಡ್ರಮ್ಮು, ಕ್ರಿಸ್‌ಮಸ್ ತಾತ ಗೇಟಿನ ಹೊರಗೇ ಇರಲಿ, ನಾಲ್ಕು ಜನ ಜಗಲಿಗೆ ಬಂದು ಯಜಮಾನರಿಗೆ ಇಷ್ಟವಾಗಿದ್ದ ಒಂದು ಕೀರ್ತನೆಯನ್ನು ಮೆಲ್ಲಗೆ ಹಾಡಿ ಹೋಗಲಿ ಎಂದೂ ಕೇಳಬಹುದು. ನೀವು ಒಳಗಿನ ಕೋಣೆಯಲ್ಲಿ ಕುಳಿತೇ ಕೇಳಿಸಿಕೊಳ್ಳಿ. ಅತ್ತರೆ ಅಳಿ.

ಅಲಮಾರಿನ ಮೇಲಿನ ನಕ್ಷತ್ರಕ್ಕೆ ಅವಸರವಿಲ್ಲ. ನಾವು ಅದನ್ನು ಡಿಸೆಂಬರ್ ಮೊದಲಿಗೇ ಕಟ್ಟುವುದು ಆಸೆಯಿಂದ. ಆದರೆ ಬೈಬಲಿನಲ್ಲಿ ಅದು ಕುರುಬರ ನಕ್ಷತ್ರವಲ್ಲ, ಮೂಡಣ ದೇಶದ ಜೋಯಿಸರದು. ಅವರು ತಡವಾಗಿ ಬಂದವರು, ದಾರಿಯಲ್ಲಿ ತಪ್ಪು ಅರಮನೆಯ ಬಾಗಿಲು ತಟ್ಟಿ ಬಂದವರು. ಸಭೆ ಅವರ ಹಬ್ಬವನ್ನು ಮಾಡುವುದು ಜನವರಿ 6ಕ್ಕೆ. ಆ ದಿನದವರೆಗೂ ಸಮಯವಿದೆ, ಆಮೇಲೂ ಇದೆ. ಕಟ್ಟುವ ದಿನ ಏಣಿ ಹಿಡಿಯಲು ಮಗನನ್ನೋ ಪಕ್ಕದ ಮನೆಯವರನ್ನೋ ಕರೆಯಿರಿ. ಯಜಮಾನರು ಜೋಡಿಸಿದ ಹೋಲ್ಡರಿನ ತಂತಿ ಹಳೆಯದಾಗಿರಬಹುದು, ಬಲ್ಬು ಹಾಕುವ ಮುಂಚೆ ಒಮ್ಮೆ ನೋಡಿಸಿಕೊಳ್ಳಿ.